ನೀಲಕ್ಕಾ, ನನ್ನ ಉಡಿ ತುಂಬಿದರು

ಪ್ರೀತಿಯ ನೀಲಕ್ಕಾ,

ಕನ್ನಡ ಅಕ್ಷರ ತಿದ್ದಿಸಿದವಳು ನೀನೇ, ಹಾಗಾಗಿ ಇದರಲ್ಲಿ ತಪ್ಪಿದ್ದರೆ ಹೊಣೆಯೂ ನಿನ್ನದೇ. ಇವತ್ತು ಭಾನುವಾರ. ಓಪಿಡಿ ಇಲ್ಲ. ವಾರ್ಡಿನಲ್ಲಿ ಇಬ್ಬರು ಬಾಣಂತಿಯರು ಊಟ ಮಾಡಿ ಮಲಗಿದ್ದಾರೆ. ನಾನು ನಿನ್ನ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೀನು ತೀರಿಕೊಂಡ ಮರುದಿನವೇ ಡಾಕ್ಟರು ಈ ಕುರ್ಚಿಯನ್ನು ನನಗೆ ಕೊಟ್ಟರು, ಅದೂ ಏನೋ ದೊಡ್ಡ ಬಡ್ತಿ ಕೊಟ್ಟವರ ಗತ್ತಿನಲ್ಲಿ. ಹೆಡ್ ಸಿಸ್ಟರ್ ನಾನೇ, ಜೂನಿಯರ್ ಸಿಸ್ಟರೂ ನಾನೇ. ನೀನಿದ್ದಿದ್ದರೆ ಏನನ್ನುತ್ತಿದ್ದೆಯೋ!

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ನಾನು ಮೊದಲ ಸಲ ಇಳಿದಾಗ ನನ್ನನ್ನು ಕರೆದುಕೊಂಡು ಹೋಗಲು ಬಂದವಳು ನೀನು. ಕೇರಳದ ನಮ್ಮೂರಿನಲ್ಲಿ ಅಂಥ ಬಿಸಿಲನ್ನು ನಾನು ಕಂಡೇ ಇರಲಿಲ್ಲ. ನಿಂತಲ್ಲೇ ಅಳು ಬಂತು. "ಅಳಬ್ಯಾಡ ಹುಡುಗಿ, ಎರಡ ವರ್ಷದ ಮಾತು. ನೋಡ್ ನೋಡ್ತನ ಮುಗದ ಹೋಗತೈತಿ" ಎಂದು ನನ್ನ ಟ್ರಂಕಿನ ಒಂದು ಕಡೆ ಹಿಡಿದೆ ನೀನು. ನೀನೂ ಅದನ್ನು ನಂಬಿದ್ದೆ, ನಾನೂ ನಂಬಿದ್ದೆ. ಆಸ್ಪತ್ರೆ ಮುಟ್ಟಿದ ಕೂಡಲೇ ಡಾಕ್ಟರು ನನ್ನ ನರ್ಸಿಂಗ್ ಸರ್ಟಿಫಿಕೇಟುಗಳ ಅಸಲು ಪ್ರತಿಗಳನ್ನು ಇಸಿದುಕೊಂಡರು. "ನಿನ್ನ ರೂಮಿನ್ಯಾಗ ಇಲಿ ಭಾಳ ಅದಾವು. ನನ್ನ ಕಡೆ ಜೋಪಾನ ಇರ್ತಾವು" ಎಂದು ಕಪಾಟಿನಲ್ಲಿಟ್ಟು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ಇಲಿಗಳು ಇದ್ದದ್ದಂತೂ ನಿಜ.

ಒಪ್ಪಿಕೊಂಡ ಎರಡು ವರ್ಷ ಮುಗಿದು ನಾನು ಕಾಗದ ಕೇಳಲು ಹೋದಾಗ ನೀನೂ ಜೊತೆಗೆ ಬಂದಿದ್ದೆ. "ಬ್ಯಾರೆ ಸಿಸ್ಟರ್ ಸಿಗಲಿ, ಕೊಡೂಣಂತ" ಎಂದರು ಡಾಕ್ಟರು. ಯಾರು ಸಿಗುತ್ತಾರೆ ಅಕ್ಕಾ? ವಿಜಯಪುರದಲ್ಲಿ ಓದಿದ ಹುಡುಗಿಯರೇ ಈ ಕಡೆ ತಲೆ ಹಾಕುವುದಿಲ್ಲ. ಮತ್ತೆ ಕೇಳಿದಾಗ ಅವರು ನಕ್ಕು, "ನೀ ನಮ್ಮ ಮನಿ ಮಗಳು ಜೆಸ್ಸಿ. ಮನಿ ಬಿಟ್ಟು ಎಲ್ಲಿ ಹೋಗ್ತಿ?" ಎಂದರು. ಬೈದಿದ್ದರೆ ಜಗಳ ಆಡಬಹುದಿತ್ತು. ಹೀಗೆ ಅಕ್ಕರೆಯಿಂದ ಕೂಡಿಹಾಕುವವರ ಹತ್ತಿರ ಏನೆಂದು ಜಗಳ ಆಡುವುದು? ಹೆರಿಗೆ ಕೋಣೆಯ ಬೆನ್ನಿಗೇ ನನ್ನ ಕೋಣೆ, ಕಿಟಕಿ ತೆರೆದರೆ ಜನರೇಟರಿನ ಹೊಗೆ. ಸ್ನಾನಕ್ಕೆ ಹೋದರೂ ಯಾರಾದರೂ ಬಂದು ಬಾಗಿಲು ಬಡಿಯುತ್ತಿದ್ದರು. ನಾನು ಉಸಿರಾಡುತ್ತಿದ್ದೇನೆ ಎಂಬುದೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು.

ಮೊದಲನೇ ವರ್ಷದ ಎಳ್ಳ ಅಮಾವಾಸ್ಯೆ ನಿನಗೆ ನೆನಪಿದೆಯಾ? ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೋಗಿತ್ತು, ನಾನು ಡ್ಯೂಟಿಯಲ್ಲಿದ್ದೆ. ನೀನು ನಿನ್ನೂರು ಮನಗೂಳಿಯಿಂದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಭಜ್ಜಿ ಎಲ್ಲ ಹೊತ್ತು ತಂದು, ಹಿತ್ತಲಿನ ನೀರಿನ ಟಾಕಿಯ ಕೆಳಗೆ ಬೆಡ್‌ಶೀಟ್ ಹಾಸಿದೆ. "ಇದ ನಮ್ಮ ಹೊಲ, ಕುಂಡ್ರು" ಎಂದೆ. ಆಯಾ ಮಹಬೂಬಿ, ಔಷಧಿ ಅಂಗಡಿಯ ರಾಚಯ್ಯ, ನೀನು, ನಾನು. ರಾಚಯ್ಯ ತುತ್ತು ರೊಟ್ಟಿ ಮುರಿದು ನಾಲ್ಕು ದಿಕ್ಕಿಗೂ ಚೆಲ್ಲಿದ, ಟಾಕಿಯ ಕೆಳಗಿನ ಎರಡು ಟೊಮ್ಯಾಟೊ ಗಿಡಗಳಿಗೆ ಅಂದು ಸಿಕ್ಕ ಮರ್ಯಾದೆ ಯಾವ ಜೋಳದ ಹೊಲಕ್ಕೂ ಸಿಕ್ಕಿರಲಿಕ್ಕಿಲ್ಲ. ಆಮೇಲೆ ರಮಜಾನಿಗೆ ಮಹಬೂಬಿಯ ಶಾವಿಗೆ ಸುರಕುಂಬಾ, ಕ್ರಿಸ್ಮಸ್ಸಿಗೆ ನಿನ್ನ ಹೋಳಿಗೆ. ನನ್ನ ತಾಯಿ, ಅಮ್ಮಚ್ಚಿ, ಫೋನಿನಲ್ಲಿ "ಅಲ್ಲಿ ನಿನಗೆ ಯಾರಿದ್ದಾರೆ ಮೋಳೆ, ಮಗಳೇ?" ಎಂದು ಕೇಳಿದಾಗ ನಾನು ನಿಮ್ಮ ಮೂವರ ಹೆಸರು ಹೇಳುತ್ತಿದ್ದೆ. ಮನೆಯವರು ಸಿಕ್ಕಿದ್ದರು ಅಕ್ಕಾ. ಆದರೆ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ.

ಮುದ್ದೇಬಿಹಾಳದ ಕಡೆಯ ಆ ಹುಡುಗಿ ಮೂರನೇ ಹೆಣ್ಣು ಹೆತ್ತಾಗ, ಅವಳ ಅತ್ತೆ ಕೂಸಿನ ಮುಖ ನೋಡದೆ ಟಂಟಂ ಆಟೊ ಹತ್ತಿ ಕೂತಿದ್ದಳು. ನೀನು ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಕುಬಸದ ಖಣ ತರಿಸಿದೆ. ಅವಳು ಸೆರಗು ಹಿಡಿದಳು, ಉಡಿ ತುಂಬಿತು. ತವರಿನವರು ಮಗಳನ್ನು ಕಳಿಸುವಾಗ ಮಾಡುವ ಶಾಸ್ತ್ರ ಎಂದು ಅವತ್ತು ತಿಳಿಯಿತು ನನಗೆ. ಅಂದಿನಿಂದ ಯಾರೂ ಇಲ್ಲದ ಬಾಣಂತಿ ಇಲ್ಲಿಂದ ಬರಿ ಉಡಿಯಲ್ಲಿ ಹೋದದ್ದಿಲ್ಲ. ಡಾಕ್ಟರಿಗೂ ಅದು ಹೆಮ್ಮೆ, ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಆದರೆ ತಟ್ಟೆಯನ್ನು ಪ್ರತಿ ಸಲ ಮಹಬೂಬಿಯ ಕೈಗೆ ಕೊಟ್ಟು ನೀನು ಕಂಬದ ಹಿಂದೆ ಸರಿದು ನಿಲ್ಲುತ್ತಿದ್ದೆ. "ಗಂಡ ಸತ್ತಾಕಿ ನಾ, ನನ್ನ ಕೈ ಬ್ಯಾಡ" ಎನ್ನುತ್ತಿದ್ದೆ. ಹೆರಿಗೆ ಮಾಡಿಸುವಾಗ ಬೇಕಾದ ಕೈ ಆಮೇಲೆ ಯಾಕೆ ಬೇಡ? ಅದನ್ನು ಕೇಳಿ ನಿನ್ನಿಂದ ಎಷ್ಟು ಬೈಸಿಕೊಂಡೆ!

ನೀನು ಹೋದ ಸುದ್ದಿ ಬಂದಾಗ ನಾನು ಹೆರಿಗೆ ಕೋಣೆಯಲ್ಲಿದ್ದೆ. ಇಂಡಿಯಿಂದ ಬಂದಿದ್ದ ಹೆಂಗಸಿಗೆ ನೋವು ಏರಿತ್ತು, ಇನ್ನೊಬ್ಬಳು ಹೊರಗೆ ಕಾಯುತ್ತಿದ್ದಳು. ಮಹಬೂಬಿ, ರಾಚಯ್ಯ ನಿನ್ನ ಮಣ್ಣಿಗೆ ಎಂದು ಮನಗೂಳಿಗೆ ಹೊರಟರು. "ನಾನೂ ಹೋಗುತ್ತೇನೆ" ಎಂದರೆ ಡಾಕ್ಟರು ನನ್ನ ಮುಖವನ್ನೇ ನೋಡಿದರು. ಅವರು ಬೇಡ ಅನ್ನಲೂ ಇಲ್ಲ. ಅನ್ನಬೇಕಾದ ಅಗತ್ಯವೇ ಇರಲಿಲ್ಲವಲ್ಲ, ಆ ಹೆಂಗಸು ನನ್ನ ಕೈ ಹಿಡಿದುಕೊಂಡಿದ್ದಳು. ನಿನಗೆ ಒಂದು ಹಿಡಿ ಮಣ್ಣು ಹಾಕುವುದೂ ನನ್ನಿಂದ...

ಸರಿ, ನೀನು ಕೇಳದ ಸುದ್ದಿ ಹೇಳುತ್ತೇನೆ. ಕೇರಳದ ಸರಕಾರಿ ಆಸ್ಪತ್ರೆಗಳ ನರ್ಸ್ ಪಟ್ಟಿಯಲ್ಲಿ ನನ್ನ ಹೆಸರು ಬಂತು! ಕೆಲಸವೂ ಅಮ್ಮಚ್ಚಿಯ ಊರಿಗೆ ಹತ್ತಿರ. ನನ್ನ ವಯಸ್ಸಿಗೆ ಇದೇ ಕೊನೆಯ ಅವಕಾಶ. ಹೇಳಿದ ದಿನ ಅಸಲು ಸರ್ಟಿಫಿಕೇಟ್ ತೋರಿಸದಿದ್ದರೆ ಹೆಸರು ಹೊಡೆದು ಹಾಕುತ್ತಾರೆ. ಡಾಕ್ಟರ ಬಳಿ ಹೋಗಿ ಹೇಳಿದೆ. "ನೋಡೂಣು" ಎಂದರು. ಮರುವಾರ ಹೇಳಿದೆ. ಬೀಗದ ಕೈ ವಿಜಯಪುರದ ಮನೆಯಲ್ಲಿದೆ ಎಂದರು. ಇನ್ನೊಮ್ಮೆ ಹೋದಾಗ, "ನೀಲವ್ವ ಹೋದ್ಲು, ಈಗ ನೀನೂ ಹೋದ್ರ ಈ ಬಡವ್ರ ಗತಿ ಏನವಾ?" ಎಂದು ಕಣ್ಣೊರೆಸಿಕೊಂಡರು. ಅವರ ಕಣ್ಣೀರು ಸುಳ್ಳಲ್ಲ ಅಕ್ಕಾ, ಅದೇ ನನಗೆ ತಡೆಯಲಾಗದ್ದು. ಹೊರಗೆ ಬಂದು ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತೆ. ಮಹಬೂಬಿ ನೆಲ ಒರೆಸುತ್ತಲೇ ಇದ್ದಳು, ರಾಚಯ್ಯ ಮಾತ್ರೆ ಎಣಿಸುತ್ತಲೇ ಇದ್ದ. ಇವರಾದರೂ ಒಂದು ಸಮಾಧಾನದ ಮಾತು ಹೇಳಬಾರದೇ ಎಂದು ಅವರ ಮೇಲೂ ಸಿಟ್ಟು ಬಂತು.

ಮೊನ್ನೆ ಸೋಮವಾರ ಓಪಿಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಬಿಪಿ ನೋಡುತ್ತಿದ್ದೆ. ಮಹಬೂಬಿ ನೆಟ್ಟಗೆ ಬಂದವಳೇ ನನ್ನ ಕೈಯಿಂದ ಬಿಪಿ ಪಟ್ಟಿ ಕಸಿದುಕೊಂಡು, ಎಲ್ಲರ ನಡುವೆ ಸ್ಟೂಲಿನ ಮೇಲೆ ಕೂರಿಸಿದಳು. ನನ್ನ ಯೂನಿಫಾರ್ಮಿಗೆ ಸೆರಗೆಲ್ಲಿ? ಹುಟ್ಟಿದ ಕೂಸನ್ನು ಎತ್ತಿಕೊಳ್ಳುವ ಹಸಿರು ಬಟ್ಟೆಯನ್ನು ಹೆಗಲಿಗೆ ಹೊದಿಸಿ ತುದಿಯನ್ನು ಕೈಗೆ ಕೊಟ್ಟಳು. ರಾಚಯ್ಯ ತಟ್ಟೆ ಹಿಡಿದು ನಿಂತಿದ್ದ, ಅದರಲ್ಲಿ ಖಣ, ಕೊಬ್ಬರಿ, ಎಲ್ಲ ಇತ್ತು.

"ಏನ್ ಮಾಡಾಕತ್ತಿ ಮಹಬೂಬಿ?"

"ಸುಮ್ನ ಉಡಿ ಹಿಡಿ."

ಮದುವೆಯಾಗದವಳ ಉಡಿ ತುಂಬುತ್ತಿದ್ದಾರೆ ಎಂದರೆ ಇಲ್ಲಿಯ ಹೆಂಗಸರಿಗೆ ಗೊತ್ತಿರುವುದು ಒಂದೇ ಅರ್ಥ. ಸೊಸೆಯನ್ನು ತೋರಿಸಲು ಹೊರ್ತಿಯಿಂದ ಬಂದಿದ್ದ ಮುದುಕಿ ಥಟ್ಟನೆ ಎದ್ದಳು. "ಯವ್ವಾ, ಜೆಸ್ಸವ್ವಗ ಗಂಡ ಗೊತ್ತಾತೇನ? ಯಾವೂರು?"

"ಆಕಿ ಊರ ಕಡೀನ ಬೇ. ಲಗೂನ ಹೋಗಬೇಕು" ಎಂದಳು ಮಹಬೂಬಿ, ಮುಖದ ಒಂದು ಗೆರೆಯೂ ಅಲ್ಲಾಡದೆ.

ಮುಗಿಯಿತು! ಬೆಂಚುಗಳ ಮೇಲಿದ್ದವರೆಲ್ಲ ಎದ್ದರು. ತುಂಬು ಬಸುರಿಯರು, ಕೂಸು ಎತ್ತಿಕೊಂಡವರು, ಬುರ್ಖಾದವರು, ತಲೆತುಂಬ ಸೆರಗು ಹೊದ್ದವರು, ಒಬ್ಬೊಬ್ಬರೂ ಒಂದೊಂದು ಹಿಡಿ ಅಕ್ಕಿ ಹಾಕಿದರು. ನಾನೇ ಹೆರಿಗೆ ಮಾಡಿಸಿದ ಹೆಂಗಸರು ನನ್ನ ಗದ್ದ ಹಿಡಿದು ಅತ್ತರು. ಇಲ್ಲ, ಮದುವೆಯಲ್ಲ ಎನ್ನಲು ಬಾಯಿ ತೆರೆದರೆ ಮಹಬೂಬಿ ನನ್ನ ಕಾಲು ತುಳಿದಳು. ಗದ್ದಲ ಕೇಳಿ ಡಾಕ್ಟರು ಹೊರಗೆ ಬಂದರು. ಹೊರ್ತಿಯ ಮುದುಕಿ ಅವರನ್ನೇ ಹಿಡಿದಳು. "ಸಾಹೇಬ್ರ, ನಿಮ್ಮ ಮನಿ ಮಗಳು ಹೊಂಟಾಳ. ನೀವೇನ್ ಕೊಡ್ತೀರಿ?"

ಅವರು ಮಾತಾಡುವುದಕ್ಕೆ ಮೊದಲೇ ಮಹಬೂಬಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಬಹಳ ವಿನಯದಿಂದ ಹೇಳಿದಳು. "ಸಾಹೇಬ್ರು ಆಕಿ ಕಾಗದಪತ್ರ ಕೊಡ್ತಾರ್ರಿ. ಮಗಳದು ಅಂತ ಕಪಾಟಿನ್ಯಾಗ ಜೋಪಾನ ಇಟ್ಟಾರ."

ಡಾಕ್ಟರಿಗೆ ಎಲ್ಲ ಗೊತ್ತಿತ್ತು ಅಕ್ಕಾ. ಮದುವೆಯಲ್ಲ, ಕೆಲಸ ಎಂದು ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ, ಮತ್ತೇಕೆ ಕಾಗದ ಇಟ್ಟುಕೊಂಡಿದ್ದೀರಿ ಎಂದು ಯಾರಾದರೂ ಕೇಳುತ್ತಿದ್ದರು. ಉಡಿ ತುಂಬಿದ ಮಗಳನ್ನು ಹೊಸ್ತಿಲಲ್ಲಿ ತಡೆಯುವ ತಂದೆ ಈ ಸೀಮೆಯಲ್ಲಿ ಇದ್ದಾನೆಯೇ? ಒಳಗೆ ಹೋದರು. ವಿಜಯಪುರದಲ್ಲಿದ್ದ ಬೀಗದ ಕೈ ಜೇಬಿನಲ್ಲೇ ಸಿಕ್ಕಿತು. ಫೈಲನ್ನು ನನ್ನ ಉಡಿಯೊಳಗೆ, ಅಕ್ಕಿಯ ಮೇಲೆ ಇಟ್ಟು, "ನನಗೊಂದ ಮಾತು ಮೊದಲ ಹೇಳಬೇಕಿತ್ತವಾ" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ಅವರ ಕಾಲು ಮುಟ್ಟಿದೆ.

ಅವತ್ತು ಮಧ್ಯಾಹ್ನ ಮಹಬೂಬಿ ಟ್ರೇ ತಿಕ್ಕುತ್ತಿದ್ದಾಗ ಪಕ್ಕದಲ್ಲಿ ಹೋಗಿ ನಿಂತೆ. ನಾನು ಹೋದ ಮೇಲೆ ವಾರ್ಡಿನ ಭಾರವೆಲ್ಲ ಇವಳ ಮೇಲೆ ಬೀಳುತ್ತದೆ ಎಂಬುದು ಆಗಷ್ಟೇ ಹೊಳೆಯಿತು. "ನಿನಗೂ ಇದನ್ನೆಲ್ಲಾ ಬಿಟ್ಟು ಹೋಗಬೇಕು ಅನಸಂಗಿಲ್ಲೇನು?" ಎಂದು ಕೇಳಿದೆ. ಅವಳು ಟ್ರೇಯಿಂದ ಕಣ್ಣೆತ್ತಲಿಲ್ಲ.

"ನಿನ್ನ ಕಾಗದ ಕಪಾಟಿನ್ಯಾಗ ಇದ್ದೂ, ಇಸ್ಕೊಂಡ್ವಿ. ನಂದು ಯಾರ ಕಪಾಟಿನ್ಯಾಗ ಐತಿ ಅಂತ ಹುಡುಕ್ಲಿ?"

ನಾನೂ ಒಂದು ಟ್ರೇ ಎತ್ತಿಕೊಂಡು ತಿಕ್ಕತೊಡಗಿದೆ. ಇಷ್ಟು ವರ್ಷ ಒಳಗೆ ಸಿಕ್ಕಿಬಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ ಅಕ್ಕಾ, ಅದು ನೆನೆದರೆ ನಾಚಿಕೆಯಾಗುತ್ತದೆ.

ಬುಧವಾರ ಹೊರಡುತ್ತೇನೆ. ರೈಲಿಗೆ ಹೋಗುವ ಮೊದಲು ಮನಗೂಳಿಯಲ್ಲಿ ಇಳಿದು ನಿನ್ನ ಹತ್ತಿರ ಬರುತ್ತೇನೆ. ನನಗೆ ಅಲ್ಲಿ ಜಾಗ ಗೊತ್ತಿಲ್ಲ, ಮಹಬೂಬಿಗೆ ಗೊತ್ತು. ಒಂದು ದಿನದ ರಜೆ ಕೊಡಿ ಎಂದು ಅವಳು ಕೇಳಿದ್ದಕ್ಕೆ ಡಾಕ್ಟರು ಇವತ್ತು ಬೆಳಿಗ್ಗೆ "ನೋಡೂಣು" ಎಂದರಂತೆ. ಅವಳು ಈಗಷ್ಟೇ ಇಲ್ಲಿಗೆ ಬಂದು, ಈ ಕಾಗದದ ಮೇಲೆ ಬಗ್ಗಿ, ಓದಲು ಬಾರದಿದ್ದರೂ ಎಲ್ಲ ನೋಡಿ, "ಇದನೂ ಬರಿ ಅಕ್ಕಾಗ. ಬುಧವಾರ ನಾ ಕೆಲಸಕ್ಕ ಬರಾಂಗಿಲ್ರಿ ಅಂತ ಸಾಹೇಬ್ರಿಗೆ ಹೇಳೇ ಬಂದೇನಿ" ಎಂದಳು.

"ಮತ್ತ ವಾರ್ಡ್ ಯಾರ್ ನೋಡ್ತಾರ?" ಎಂದೆ ನಾನು.

"ಸಾಹೇಬ್ರು ಅದಾರಲ್ಲ. ಒಂದಿನ ಅವರ ನೋಡ್ಲಿ."

ಇಬ್ಬರೂ ಬರುತ್ತೇವೆ ಅಕ್ಕಾ.

ನಿನ್ನ,
ಜೆಸ್ಸಿ