ಬೆಳಗಿನ ನೀರಾ, ಮಧ್ಯಾಹ್ನದ ಮಹಜರು

ಪಾನನಿರೋಧದ ಮೇಲಧಿಕಾರಿಗಳಿಗೆ
ಚಿಂತಾಮಣಿ, ೨೮ ಏಪ್ರಿಲ್ ೧೯೬೧

ಮಾನ್ಯರೇ,

ನಿಮ್ಮ ಇಲಾಖೆಯ ಕಡತದಲ್ಲಿ ಒಂದು ಸುಳ್ಳು ಮಹಜರು ಇದೆ. ಫೆಬ್ರವರಿ ಹನ್ನೆರಡನೇ ತಾರೀಕು ಭಾನುವಾರ ಬೆಳಗ್ಗೆ ಆರೂಕಾಲು ಗಂಟೆಗೆ, ಅಂಬಾಜಿದುರ್ಗದ ಬುಡದ ಈಚಲ ತೋಪಿನಲ್ಲಿ, ಬಯ್ಯಪ್ಪ ಎಂಬಾತನ ಬಳಿ ಹುಳಿ ಬಂದು ನೊರೆಗಟ್ಟಿದ ಹೆಂಡ ಸಿಕ್ಕಿತು ಎಂದು ಅದರಲ್ಲಿ ಬರೆದಿದೆ. ಆ ಹೊತ್ತಿಗೆ ಅಲ್ಲಿ ಒಂದು ಹನಿ ಹೆಂಡವೂ ಇರಲಿಲ್ಲ. ಇದ್ದದ್ದು ನೀರಾ, ಸರ್ಕಾರವೇ ಕುಡಿಯಿರೆಂದು ಹೇಳುವ, ಸರ್ಕಾರವೇ ಪರವಾನಗಿ ಕೊಟ್ಟು ಇಳಿಸುವ ನೀರಾ. ಮಹಜರು ಸುಳ್ಳೆಂದು ಇಷ್ಟು ಖಚಿತವಾಗಿ ನನಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಅದನ್ನು ಬರೆದವನು ನಾನೇ.

ನಾನು ಚಿಂತಾಮಣಿ ತಾಲ್ಲೂಕು ಕಚೇರಿಯ ಮುಂದಿನ ಹೊಂಗೆಮರದ ಕೆಳಗೆ ಕೂತು ಅರ್ಜಿ ಬರೆಯುವವನು. ಇಪ್ಪತ್ತಾರು ವರ್ಷಗಳಲ್ಲಿ ಸರ್ಕಾರಕ್ಕೆ ಎಷ್ಟು ಸಾವಿರ ಸಲ ‘ದಯಮಾಡಿ’ ಎಂದಿದ್ದೇನೋ ಲೆಕ್ಕವಿಲ್ಲ. ಎಲ್ಲವೂ ಬೇರೆಯವರ ಪರವಾಗಿ. ನನ್ನ ಹೆಸರಿನಲ್ಲಿ ಬರೆಯುತ್ತಿರುವುದು ಇದೇ ಮೊದಲು. ಈ ಸಲ ‘ದಯಮಾಡಿ’ ಎನ್ನುವುದಿಲ್ಲ. ಕ್ಷಮೆಯಿರಲಿ ಎಂದೂ ಅನ್ನುವುದಿಲ್ಲ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡುವ ಅಸ್ಗರ್, ಅಂಬಾಜಿದುರ್ಗದ ಪಕ್ಕದ ಹಳ್ಳಿಯಲ್ಲಿ ಕಡಲೇಕಾಯಿ ಬೆಳೆಯುವ ಕೊಂಡಪ್ಪ, ನಾನು, ಮೂವರೂ ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಓದು ಅಲ್ಲಿಗೇ ನಿಂತಿತು, ಗೆಳೆತನ ನಿಲ್ಲಲಿಲ್ಲ. ಚಳಿಗಾಲದ ಶನಿವಾರಗಳಲ್ಲಿ ಅಸ್ಗರ್ ಸಂಜೆಯ ಬಸ್ಸಿಗೆ ನಮ್ಮ ಮನೆಗೆ ಬರುತ್ತಿದ್ದ. ಭಾನುವಾರ ಐದು ಗಂಟೆಗೆ ಎರಡು ಸೈಕಲ್ಲುಗಳಲ್ಲಿ ಇಬ್ಬರೂ ತೋಪಿನ ಕಡೆ ಹೊರಡುತ್ತಿದ್ದೆವು. ಕೊಂಡಪ್ಪ ಕಂಬಳಿ ಹೊದ್ದು ಅಲ್ಲಿ ಕಾಯುತ್ತಿರುತ್ತಿದ್ದ. ಬಯ್ಯಪ್ಪ ಮರದಿಂದ ಗಡಿಗೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ಲೋಟಕ್ಕೆ ಸುರಿಯುತ್ತಿದ್ದ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ, ಎಳನೀರಿಗಿಂತ ಸಿಹಿಯಾದ ನೀರಾ. ಕುಡಿದು, ಬಂಡೆಯ ಮೇಲೆ ಕೂತು, ಊರಿನವರನ್ನೆಲ್ಲ ಆಡಿಕೊಂಡು, ಎಂಟು ಗಂಟೆಗೆ ಮೂವರೂ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿಗೆ ಬಂದು ದೋಸೆ ತಿಂದು, ಎರಡು ಕಾಫಿಯನ್ನು ಮೂವರಿಗೆ ಹಂಚಿಕೊಂಡು ಹತ್ತು ಗಂಟೆಯವರೆಗೆ ಹರಟುತ್ತಿದ್ದೆವು. ನಮ್ಮ ದುಂದುಗಾರಿಕೆ ಇಷ್ಟೇ. ಗೌಡರ ಮನೆಯ ಕೊಂಡಪ್ಪನೂ ಸಾಬರ ಅಸ್ಗರನೂ ಅರ್ಜಿ ಬರೆಯುವ ನಾನೂ ಒಂದೇ ಮೇಜಿನಲ್ಲಿ ಕೂತು ನಗುವುದು ಯಾವ ಕಾಯಿದೆಯಲ್ಲಿ ಅಪರಾಧವೋ ನನಗೆ ತಿಳಿಯದು. ನಿಮಗೆ ತಿಳಿದಿದ್ದರೆ ಕಲಮು ತಿಳಿಸಿ.

ಬಯ್ಯಪ್ಪನ ವಿಷಯ ನಿಮ್ಮ ಇಲಾಖೆಗೆ ಚೆನ್ನಾಗಿ ಗೊತ್ತಿರಬೇಕು. ಅವನ ತಂದೆ, ತಾತ ಹೆಂಡ ಇಳಿಸಿದವರು. ಪಾನನಿರೋಧ ಬಂದಾಗ ಆ ಕಸುಬು ಬಿಡಿ, ನೀರಾ ಇಳಿಸಿ ಎಂದು ಊರೂರಿಗೆ ಬಂದು ಹೇಳಿದವರು ನೀವೇ. ಅವನು ನಂಬಿದ. ಗಡಿಗೆಗಳ ಒಳಗೆ ಸುಣ್ಣ ಬಳಿಯುವುದನ್ನು ಕಲಿತ. ಸುಣ್ಣ ಬಳಿಯದ ಪಾತ್ರೆಯಲ್ಲಿ ನೀರಾ ಉಳಿಯುವುದಿಲ್ಲ, ಬಿಸಿಲೇರಿದರೆ ತಾನಾಗಿಯೇ ಹುಳಿ ಬಂದು ಹೆಂಡವಾಗುತ್ತದೆ. ಇದು ಮಕ್ಕಳಿಗೂ ಗೊತ್ತಿರುವ ಸಂಗತಿ. ನಿಮ್ಮ ಇನ್ಸ್‌ಪೆಕ್ಟರಿಗೆ ಗೊತ್ತಿರಲಿಲ್ಲವೆಂದು ನಂಬುವಷ್ಟು ಮುಗ್ಧ ನಾನಲ್ಲ.

ಆ ಭಾನುವಾರ ನಾನು ಎರಡನೇ ಲೋಟ ಮುಗಿಸುತ್ತಿದ್ದೆ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಜೀಪು ಬಂದು ನಿಂತಿತು. ಇನ್ಸ್‌ಪೆಕ್ಟರು ಇಳಿದು ಗಡಿಗೆಯನ್ನು ಮೂಸಿ ನೋಡಲಿಲ್ಲ, ರುಚಿ ನೋಡಲಿಲ್ಲ. ಬಯ್ಯಪ್ಪ ಪರವಾನಗಿ ಕಾಗದ ತೋರಿಸಿದ. ಅದನ್ನು ಜೇಬಿಗೆ ಹಾಕಿಕೊಂಡು, ಗಡಿಗೆಯಲ್ಲಿದ್ದದ್ದನ್ನು ಒಂದು ತಗಡಿನ ಡಬ್ಬಕ್ಕೆ ಸುರಿಸಿದರು. ಸುಣ್ಣದ ಹದಿನಾಲ್ಕು ಗಡಿಗೆಗಳನ್ನು ಅಲ್ಲೇ ಒಡೆಸಿದರು. ಬಯ್ಯಪ್ಪನನ್ನೂ ಡಬ್ಬವನ್ನೂ ಜೀಪಿಗೆ ಹತ್ತಿಸಿ, ನಮ್ಮ ಮೂವರಿಗೆ ಹಿಂದೆಯೇ ಊರಿಗೆ ಬರುವಂತೆ ಅಪ್ಪಣೆ ಮಾಡಿದರು.

ಕೊಂಡಪ್ಪನನ್ನು ನನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಾವು ಬಂದಾಗ ಜೀಪು ಹೋಟೆಲಿನ ಮುಂದೆ ಬಿಸಿಲಿನಲ್ಲಿ ನಿಂತಿತ್ತು. ಒಳಗೆ ನಮ್ಮ ಮೇಜಿನಲ್ಲಿಯೇ ಇನ್ಸ್‌ಪೆಕ್ಟರು ದೋಸೆ ತಿನ್ನುತ್ತಿದ್ದರು. ಬಯ್ಯಪ್ಪ ಜೀಪಿನ ಹಿಂಬದಿಯಲ್ಲಿ ಮೊಣಕಾಲು ತಬ್ಬಿ ಕೂತಿದ್ದ. ತನ್ನನ್ನು ಬಿಡಿಸಿ ಎಂದು ಅವನು ಕೇಳಲಿಲ್ಲ. ಬಗ್ಗಿ ನನ್ನ ಕಿವಿಯ ಹತ್ತಿರ ಇಷ್ಟೇ ಹೇಳಿದ:

“ಸ್ವಾಮಿ, ಆ ಡಬ್ಬ ನೆರಳಾಗೆ ಇಡಕ್ಕೆ ಹೇಳಿ. ಬಿಸ್ಲು ಬಿದ್ರೆ ಅದು ನನ್ನ ಮಾತೂ ಕೇಳಲ್ಲ, ಅವರ ಮಾತೂ ಕೇಳಲ್ಲ.”

ಜೀಪಿನ ಕಾವಲಿಗಿದ್ದ ಜವಾನನಿಗೆ ನಾನು ಹೇಳಿದೆ. ಅವನು ನಕ್ಕ. ಅಲ್ಲಿಂದ ಜೀಪು ಮುರುಗಮಲ್ಲದ ಕಡೆ ಇನ್ನೊಂದು ತಪಾಸಣೆಗೆ ಹೋಯಿತು. ನಾವು ಮೂವರು ನಿಮ್ಮ ಕಚೇರಿಯ ಜಗಲಿಯಲ್ಲಿ ಕಾದೆವು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಅಸ್ಗರ್ ಟೋಪಿ ತೆಗೆದು ಮಡಿಲಿನಲ್ಲಿ ಇಟ್ಟುಕೊಂಡಿದ್ದ. ಜೀಪು ಹಿಂತಿರುಗಿದ್ದು ಮಧ್ಯಾಹ್ನ ಒಂದೂವರೆಗೆ. ಡಬ್ಬದ ಮುಚ್ಚಳ ತೆಗೆದಾಗ ನೊರೆ ಅಂಚಿನವರೆಗೆ ಉಕ್ಕಿ ಬಂತು, ಜಗಲಿಯವರೆಗೂ ಹುಳಿ ವಾಸನೆ ಹೊಡೆಯಿತು. ಮಾನ್ಯರೇ, ಏಳು ಗಂಟೆಗಳ ಕಾಲ ಆ ಡಬ್ಬ ಇದ್ದದ್ದು ಸರ್ಕಾರದ ವಶದಲ್ಲಿ, ಸರ್ಕಾರದ ಜೀಪಿನಲ್ಲಿ. ಅದನ್ನು ಹೆಂಡ ಮಾಡಿದವರು ಯಾರು? ಆ ದಿನ ಚಿಂತಾಮಣಿ ತಾಲ್ಲೂಕಿನಲ್ಲಿ ಹೆಂಡ ತಯಾರಾದದ್ದು ಒಂದೇ ಜಾಗದಲ್ಲಿ ಎಂದು ನಾನು ಹೇಳಿದರೆ ನಿಮಗೆ ಕೋಪ ಬರಬಹುದು. ಬರಲಿ.

ಇನ್ನು ನನ್ನ ಪಾಲಿನ ಕಥೆ. ಇನ್ಸ್‌ಪೆಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಕಾಗದ ಮುಂದಿಟ್ಟರು. ಅವರು ಹೇಳಿದಂತೆ ಮಹಜರು ಬರೆದು, ಒಂದನೇ ಸಾಕ್ಷಿಯಾಗಿ ರುಜು ಹಾಕಬೇಕು. ಹೊತ್ತು ಬೆಳಗಿನ ಆರೂಕಾಲು ಎಂದಿರಬೇಕು. ಆಗ ಅದು ಹುಳಿಯಾಗಿರಲಿಲ್ಲ, ನಾನೇ ಕುಡಿದಿದ್ದೇನೆ ಎಂದೆ. ಅವರು ದನಿ ಏರಿಸಲಿಲ್ಲ.

“ಬರೆದ್ರೆ ಸಾಕ್ಷಿ, ಬರೀದೇ ಇದ್ರೆ ಆರೋಪಿ. ಹೊರಗೆ ಕೂತಿರೋ ನಿಮ್ಮ ಸಾಬರೂ ಅಷ್ಟೇ. ಅವರ ಮನೇಲಿ ಮದುವೆ ಮಾತು ನಡೀತಿದೆಯಂತಲ್ಲ?”

ಅಸ್ಗರನ ಮಗಳು ಕರೀಮುನ್ನೀಸಾಳಿಗೆ ಮುರುಗಮಲ್ಲದ ಒಂದು ಮನೆತನದಲ್ಲಿ ಸಂಬಂಧ ಗೊತ್ತಾಗಿತ್ತು. ಹುಡುಗನ ತಂದೆ ಐದು ಹೊತ್ತು ನಮಾಜು ಬಿಡದವರು. ಹೆಂಡದ ಮೊಕದ್ದಮೆಯಲ್ಲಿ ಬೀಗರ ಹೆಸರು ಬಂತೆಂದರೆ ಆ ಮಾತು ಉಳಿಯುವುದೇ? ಅಸ್ಗರ್ ತನ್ನ ಜೀವಮಾನದಲ್ಲಿ ಅಮಲಿನ ವಸ್ತು ಮುಟ್ಟಿದವನಲ್ಲ. ಕೊಂಚ ಬಿಸಿಲೇರಿದರೂ ಬಯ್ಯಪ್ಪನೇ ಅವನ ಕೈಯಿಂದ ಲೋಟ ಕಸಿದುಕೊಂಡು “ಇನ್ನು ನಿಮಗೆ ಬ್ಯಾಡ ಸಾಬ್ರೇ” ಎನ್ನುತ್ತಿದ್ದ. ಕಿಟಕಿಯಿಂದ ಅಸ್ಗರನ ಬೆನ್ನು ಕಾಣುತ್ತಿತ್ತು. ನಾನು ಲೇಖನಿ ತೆಗೆದುಕೊಂಡೆ. ಒಂದು ಕಡೆ ಗೆಳೆಯ, ಇನ್ನೊಂದು ಕಡೆ ನೀರಾ ಇಳಿಸುವವನು ಎಂದು ನಾನು ತೂಗಿ ನೋಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ತೂಗಲು ಬಹಳ ಹೊತ್ತು ಬೇಕಾಗಲಿಲ್ಲ ಎಂಬುದೇ ಈಗ ನನಗೆ ನಿದ್ದೆ ಕೊಡದ ಸಂಗತಿ. ನನ್ನ ರುಜುವಾದ ಮೇಲೆ ಬಯ್ಯಪ್ಪ ಹೆಬ್ಬೆಟ್ಟು ಒತ್ತಿದ. ಬರೆದವರು ಸ್ವಾಮಿಗಳೇ ಅಲ್ಲವೇ ಎಂದು ಅವನು ಅದರಲ್ಲಿ ಏನಿದೆಯೆಂದು ಕೇಳಲೂ ಇಲ್ಲ.

ಇಷ್ಟಕ್ಕೇ ನಿಲ್ಲಲಿಲ್ಲ. ತಪ್ಪೊಪ್ಪಿಕೊಂಡರೆ ಎಚ್ಚರಿಕೆ ಕೊಟ್ಟು ಬಿಡಿಸುತ್ತೇವೆ ಎಂದು ಇನ್ಸ್‌ಪೆಕ್ಟರು ನನ್ನ ಬಾಯಿಂದಲೇ ಬಯ್ಯಪ್ಪನಿಗೆ ಹೇಳಿಸಿದರು. ನಾನೂ ನಂಬಿದೆ, ಅಥವಾ ನಂಬಿದಂತೆ ನಟಿಸುವುದು ನನಗೆ ಅನುಕೂಲವಾಗಿತ್ತು. ಅವನು ಮ್ಯಾಜಿಸ್ಟ್ರೇಟರ ಮುಂದೆ ನಿಂತು ತಪ್ಪಾಯಿತು ಎಂದ. ಆರು ವಾರ ಶಿಕ್ಷೆಯಾಯಿತು. ಮ್ಯಾಜಿಸ್ಟ್ರೇಟರನ್ನು ನಾನು ದೂರುವುದಿಲ್ಲ. ಅವರ ಮುಂದೆ ಇದ್ದದ್ದು ನನ್ನ ಕಾಗದ, ಮತ್ತು ಅದಕ್ಕೆ ‘ಹೌದು’ ಎಂದ ಒಬ್ಬ ಮನುಷ್ಯ.

ಏಪ್ರಿಲ್ ಮೊದಲ ವಾರದಲ್ಲಿ ಬಯ್ಯಪ್ಪ ಬಿಡುಗಡೆಯಾಗಿ ಬಂದ. ಬಂದ ಮೂರನೇ ದಿನ ಅವನೂ ಅವನ ಹೆಂಡತಿ ಚಿಕ್ಕವೆಂಕಟಮ್ಮನೂ ಹೊಂಗೆಮರದ ಕೆಳಗೆ ನನ್ನ ಮುಂದೆ ಬಂದು ಕೂತರು. ಪರವಾನಗಿ ರದ್ದಾದ ಆದೇಶ ಅವನ ಕೈಯಲ್ಲಿತ್ತು. ಅದರ ಜೊತೆಗೆ ಮಹಜರಿನ ನಕಲು. ಇದರಲ್ಲಿ ಏನಿದೆ ಓದಿ ಹೇಳಿ, ಮತ್ತೆ ಪರವಾನಗಿ ಕೊಡಿ ಅಂತ ಒಂದು ಅರ್ಜಿ ಬರೆದುಕೊಡಿ ಎಂದ.

ಮಾನ್ಯರೇ, ಅಲ್ಲಿ ನಾನು ಏನು ಬೇಕಾದರೂ ಓದಬಹುದಿತ್ತು. ಅಕ್ಷರ ಬಾರದ ಆ ಇಬ್ಬರಿಗೆ ನಾನು ಓದಿದ್ದೇ ಕಾಗದದ ಮಾತು. ‘ಕಾಯಿದೆಯ ಭಾಷೆ, ನಿನಗೆ ತಿಳಿಯಲ್ಲ’ ಎಂದಿದ್ದರೂ ಸಾಕಿತ್ತು. ಬರಹಗಾರರು ದಿನಕ್ಕೆ ಹತ್ತು ಸಲ ಹಾಗೆ ಹೇಳುತ್ತೇವೆ. ಆದರೆ ನನಗೆ ಆಗಲಿಲ್ಲ. ಇದ್ದದ್ದನ್ನು ಇದ್ದಂತೆಯೇ, ಮೊದಲ ಸಾಲಿನಿಂದ ನನ್ನ ರುಜುವಿನವರೆಗೆ ಓದಿದೆ. ಪಕ್ಕದ ಮೇಜುಗಳ ಬರಹಗಾರರು ಬರೆಯುವುದನ್ನು ನಿಲ್ಲಿಸಿ ಕೇಳಿದರು.

ಬಯ್ಯಪ್ಪ ಕೇಳಿದ: “ಅವತ್ತು ನೀವು ಎರಡು ಲೋಟ ಕುಡಿದ್ರಿ. ಹುಳಿ ಇತ್ತಾ ಸ್ವಾಮಿ?”

“ಇರಲಿಲ್ಲ.”

“ಹಂಗಾದ್ರೆ ಅದನ್ನೇ ಬರೀಬೋದಿತ್ತಲ್ಲ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ್ದ. ಚಿಕ್ಕವೆಂಕಟಮ್ಮ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮಡಿಸಿ ಸೆರಗಿಗೆ ಗಂಟು ಹಾಕಿಕೊಂಡಳು. “ಅಕ್ಷರ ಬಲ್ಲೋರು ಅಂತ ನಿಮ್ಮ ಹತ್ರಾನೇ ತಂದ್ವಿ” ಎಂದು ಗಂಡನನ್ನು ಎಬ್ಬಿಸಿ ಕರೆದುಕೊಂಡು ಹೋದಳು. ಈಗ ಬಯ್ಯಪ್ಪ ಗೌರಿಬಿದನೂರಿನ ಕಡೆ ರಸ್ತೆಗೆ ಜಲ್ಲಿ ಒಡೆಯುತ್ತಿದ್ದಾನೆ. ಮರ ಹತ್ತುವುದನ್ನು ಬಿಟ್ಟು ಬೇರೇನೂ ಮಾಡಿ ಅಭ್ಯಾಸವಿಲ್ಲದ ಕೈಗಳು. ಪಾನನಿರೋಧದ ಮಾತು ಕೇಳಿ ಕಸುಬು ಬದಲಿಸಿದವನಿಗೆ ಪಾನನಿರೋಧ ಕೊಟ್ಟ ಬಹುಮಾನ ಅದು. ಇನ್ನು ಯಾವ ತೋಪಿಗೆ ಹೋಗಿ, ಯಾವ ಮುಖ ಹೊತ್ತು, ‘ಹೆಂಡ ಬಿಡಿ, ನೀರಾ ಇಳಿಸಿ’ ಎಂದು ಹೇಳುತ್ತೀರಿ?

ಅದೇ ಸಂಜೆ ಶಿಡ್ಲಘಟ್ಟದ ಬಸ್ಸು ಹತ್ತಿ ಅಸ್ಗರನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಒಳಗೆ ನಡೆದ ಮಾತು ಅವನಿಗೂ ಕೊಂಡಪ್ಪನಿಗೂ ಅದುವರೆಗೆ ಗೊತ್ತಿರಲಿಲ್ಲ. ಅಸ್ಗರ್ ಎದ್ದು ಹೊರಬಾಗಿಲು ಹಾಕಿ ಬಂದ. ಆಮೇಲೆ, “ನನ್ನ ಮಗಳ ಹೆಸರು ಹೇಳ್ಕೊಂಡು ಅವನನ್ನ ಒಳಗೆ ಹಾಕಿಸಿದ್ಯಲ್ಲೋ. ನನ್ನ ಒಂದು ಮಾತು ಕೇಳಬಾರ್ದಿತ್ತೇನೋ?” ಎಂದ. ಮರುದಿನ ಬೆಳಗ್ಗೆ ತಾನೇ ಮುರುಗಮಲ್ಲಕ್ಕೆ ಹೋಗಿ ಬೀಗರ ಮುಂದೆ ಕೂತು, ತಾನು ಆ ತೋಪಿನಲ್ಲಿ ಇದ್ದದ್ದು, ನೀರಾ ಕುಡಿದದ್ದು, ಜಗಲಿಯಲ್ಲಿ ಕೂತದ್ದು ಎಲ್ಲ ತಿಳಿಸಿದ. ಆ ಹಿರಿಯರು ಕೇಳಿ, ಚಳಿಗಾಲದಲ್ಲಿ ತಮ್ಮ ಮನೆಗೂ ಬೆಳಗ್ಗೆ ಒಂದು ಚೊಂಬು ನೀರಾ ಬರುತ್ತದೆ, ಅದರಲ್ಲಿ ಹರಾಮು ಏನಿದೆ ಎಂದರಂತೆ. ನಿಕಾಹ್ ಗೊತ್ತಾದ ದಿನಕ್ಕೇ ನಡೆಯುತ್ತದೆ. ಯಾವ ಭಯಕ್ಕೆ ನಾನು ಬಯ್ಯಪ್ಪನನ್ನು ಒಪ್ಪಿಸಿಬಿಟ್ಟೆನೋ, ಆ ಭಯಕ್ಕೆ ಬುಡವೇ ಇರಲಿಲ್ಲ. ಇದ್ದಿದ್ದರೆ ನಾನು ಮಾಡಿದ್ದು ಸರಿಯಾಗುತ್ತಿತ್ತೇ? ಅದೂ ಇಲ್ಲ.

ಅಸ್ಗರನ ಹೆಸರನ್ನು ಇಲ್ಲಿ ಬರೆದಿರುವುದು ಅವನ ಅಪ್ಪಣೆಯಿಂದ. ಕೊಂಡಪ್ಪನೂ “ನಾದೀ ರಾಯಿ, ನಂದೂ ಬರಿಯಪ್ಪಾ” ಎಂದು ತೆಲುಗು, ಕನ್ನಡ ಎರಡರಲ್ಲೂ ಹೇಳಿದ್ದಾನೆ. ಅವರಿಬ್ಬರೂ ಈಗಲೂ ನನ್ನೊಡನೆ ಮಾತಾಡುತ್ತಾರೆ. ಆದರೆ ಆ ದಿನದಿಂದ ಮೂವರೂ ಹೋಟೆಲಿಗೆ ಹೋಗಿಲ್ಲ. ಯಾರೂ ಹೋಗೋಣ ಎಂದೂ ಅಂದಿಲ್ಲ.

ಏಪ್ರಿಲ್ ಎಂಟನೇ ತಾರೀಕು ಇದೆಲ್ಲವನ್ನೂ ಛಾಪಾ ಕಾಗದದ ಮೇಲೆ ಬರೆದು, ಮೂವರೂ ರುಜು ಮಾಡಿ, ತಮ್ಮ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆವು. ಉತ್ತರ ಬರಲಿಲ್ಲ. ಬಂದದ್ದು ನಿಮ್ಮ ಕಚೇರಿಯ ಗುಮಾಸ್ತರೊಬ್ಬರು. ಹೊಂಗೆಮರದ ಕೆಳಗೆ ನನ್ನ ಪಕ್ಕದಲ್ಲಿ ಕೂತು, ಸುಳ್ಳು ಮಹಜರು ಬರೆದೆ ಎಂದು ಹೇಳಿಕೊಂಡರೆ ಜೈಲಿಗೆ ಹೋಗುವವನು ಇನ್ಸ್‌ಪೆಕ್ಟರಲ್ಲ, ನಾನು, ಎಂದು ಬಹಳ ಸ್ನೇಹದಿಂದ ತಿಳಿಸಿದರು. ಅವರ ಕಾಳಜಿಗೆ ಕೃತಜ್ಞ. ಆ ಮಾತು ನಿಜವೆಂದು ವಕೀಲರನ್ನು ಕೇಳಿ ತಿಳಿದುಕೊಂಡಿದ್ದೇನೆ. ಮನೆಯಲ್ಲಿ ನನ್ನ ಹೆಂಡತಿ ಅಕ್ಕಯ್ಯಮ್ಮ ಈ ಪತ್ರ ಬೇಡವೆಂದು ಎರಡು ದಿನ ಅತ್ತಳು. ಮೂರನೇ ದಿನ ಮಸಿಬುಡ್ಡಿಯನ್ನು ತಾನೇ ತಂದಿಟ್ಟಳು. ಈ ಸಲ ಎಲ್ಲರೂ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ನಾಳೆ ನನಗೇ ಹೆದರಿಕೆಯಾಗಿ ಮಾತು ತಿರುಗಿಸದಂತೆ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಮಹಜರನ್ನು ಸುಳ್ಳೆಂದು ದಾಖಲಿಸಿ, ಬಯ್ಯಪ್ಪನ ಮೇಲಿನ ತೀರ್ಪನ್ನು ಮತ್ತೆ ವಿಚಾರಣೆಗೆ ತರಲು ತಾವೇ ನ್ಯಾಯಾಲಯಕ್ಕೆ ಬರೆಯಬೇಕು. ಮುಂದಿನ ಚಳಿಗಾಲದೊಳಗೆ ಅವನ ಪರವಾನಗಿ ಅವನ ಕೈ ಸೇರಬೇಕು. ಜಲ್ಲಿ ರಾಶಿಯ ಹತ್ತಿರಕ್ಕೆ ಹೋಗಿ ಅದನ್ನು ಕೊಡಬೇಕಾದವರು ಜವಾನರಲ್ಲ, ಆ ಇನ್ಸ್‌ಪೆಕ್ಟರು. ಮತ್ತು ನನ್ನ ಮೇಲೆ ಮೊಕದ್ದಮೆ ಹೂಡಬೇಕು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನನ್ನ ವಿಚಾರಣೆ ನಡೆಯದೆ ಅವನು ನಿರಪರಾಧಿಯೆಂದು ಸಾಬೀತಾಗುವ ದಾರಿ ನನಗೆ ಕಾಣದು. ಮೇ ಎಂಟು, ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಅಸ್ಗರ್, ಕೊಂಡಪ್ಪ, ನಾನು ನಿಮ್ಮ ಕಚೇರಿಗೆ ಬರುತ್ತೇವೆ. ಬಯ್ಯಪ್ಪನನ್ನೂ ಕರೆದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. “ಈ ಸಲ ಏನ್ ಬರೀತೀರೋ, ಮೊದ್ಲು ನನಗೆ ಓದಿ ಹೇಳಿ” ಎಂದ. ಈ ಪತ್ರವನ್ನು ನಿನ್ನೆ ಜಲ್ಲಿ ರಾಶಿಯ ಮೇಲೆ ಕೂತು ಅವನಿಗೆ ಪೂರ್ತಿ ಓದಿದ್ದೇನೆ. ಒಂದು ಕಡೆ ತಿದ್ದಿಸಿದ. ಅಂದು ಒಡೆದದ್ದು ‘ಕೆಲವು ಗಡಿಗೆಗಳು’ ಎಂದು ನಾನು ಬರೆದಿದ್ದೆ. ಕೆಲವಲ್ಲ, ಹದಿನಾಲ್ಕು.

ಇಂತಿ,
ತಮ್ಮ ಮಹಜರಿನ ಒಂದನೇ ಸಾಕ್ಷಿ, ಒಂದನೇ ಆರೋಪಿಯಾಗಲು ತಡವಾಗಿ ಒಪ್ಪಿದವನು,
ವೆಂಕಟರವಣಪ್ಪ
ಅರ್ಜಿ ಬರಹಗಾರ, ತಾಲ್ಲೂಕು ಕಚೇರಿಯ ಮುಂದೆ, ಚಿಂತಾಮಣಿ