ಬಸ್ ನಿಲ್ದಾಣದ ಎದುರು ಬಿದ್ದವಳು

ಅಕ್ಕಾ,

ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ, ನನ್ನನ್ನು ಒಂದು ಗಳಿಗೆ ಕೂರಿಸಲಿ. ಕಾರ್ಡನ್ನೂ ನಿಂತೇ ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಮಿಷನ್ನಿನ ಹುಡುಗ ಹುಡುಗಿಯರಿಂದ ಬಸ್ ನಿಲ್ದಾಣದ ಎದುರು ಬೀದಿನಾಟಕ ಆಡಿಸಹೊರಟೆ. ಯೇಸು ಹೇಳಿದ ಕಥೆಯೇ: ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಯಾಜಕ ಕಂಡೂ ಕಾಣದಂತೆ ದಾಟಿಹೋಗುತ್ತಾನೆ, ಪರದೇಶಿಯೊಬ್ಬ ಎತ್ತಿಕೊಳ್ಳುತ್ತಾನೆ. ಬೀಳುವ ಪಾತ್ರ ನಾವು 'ವಟವಟ' ಎಂದು ಕರೆಯುವ ಹುಡುಗಿಯದು. ಜನ ಸೇರಲಿ ಎಂದು ಅವಳನ್ನು ಉರಿಬಿಸಿಲಲ್ಲಿ ಮಲಗಿಸಿ ಕಾದೆವು. ಅವಳು ಮಿಸುಕಲಿಲ್ಲ. ಭೇಷ್, ಅಭಿನಯ ಎಂದರೆ ಇದು ಎಂದು ನಾನು ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಬೀದಿ ಗುಡಿಸುವಾಕೆ ಪೊರಕೆ ಬಿಸಾಕಿ ಓಡಿಬಂದಳು.

"ಏನ್ರೀ ನೋಡ್ತಾ ನಿಂತಿದೀರಾ? ಹುಡುಗಿಗೆ ಜ್ಞಾನ ತಪ್ಪಿದೆ, ನೀರು ತನ್ನಿ!"

ಹುಡುಗಿ ಈಗ ಹುಷಾರಾಗಿದ್ದಾಳೆ. ನನ್ನ ಮೊಣಕಾಲು ನೋವೂ ಇಳಿದಿದೆ, ಎಣ್ಣೆ ಕಳಿಸಬೇಡ. ಆದರೂ ಕಾಲು ಸುಟ್ಟ ಬೆಕ್ಕಿನ ಹಾಗೆ ಅಡ್ಡಾಡುತ್ತಿದ್ದೇನೆ. ಇವತ್ತು ಅಭ್ಯಾಸಕ್ಕೆ ಬಂದವಳೇ ವಟವಟ ಹೇಳಿದಳು, "ಯಾಜಕನ ಪಾತ್ರ ನೀವೇ ಮಾಡಿ ಮೇಷ್ಟ್ರೇ. ನಿಮಗೆ ಹೇಳಿಕೊಡೋದೇ ಬೇಡ."

ನಿನ್ನೆ ನಿಂತುಹೋದ ಆಟ ಇವತ್ತು ಐದಕ್ಕೆ. ಯಾಜಕನ ನಿಲುವಂಗಿ ಹಾಕಿ ನೋಡಿದೆ. ಅಳತೆ ಕೊಟ್ಟು ಹೊಲಿಸಿದ ಹಾಗಿದೆ.

ಅವಸರದಲ್ಲಿ,
ನಿನ್ನ ತಮ್ಮ