ಜೈಲರಮ್ಮನ ಗಂಟೆ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಮೈದುನನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿ ಹುಬ್ಬು ಗಂಟಿಕ್ಕಬೇಡ. ನಾನು ಬೈಯಲು ಬರೆಯುತ್ತಿಲ್ಲ, ಅಳಲೂ ಅಲ್ಲ. ಒಂದು ಕೆಲಸವಿದೆ. ಅದು ನಿನ್ನಿಂದಲೇ ಆಗಬೇಕು.

ಮುಂದಿನ ತಿಂಗಳು ಈ ಮನೆ ಬಿಡುತ್ತಿದ್ದೇನೆ. ಒಬ್ಬಳಿಗೆ ಇಷ್ಟು ಜಾಗ ಬೇಡ. ಪತ್ರಿಕೆ ಆಫೀಸಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿದೆ, ನಡೆದೇ ಹೋಗಬಹುದು. ಸಾಮಾನು ಸಾಗಿಸುವವನು ಮೊನ್ನೆ ಬಂದು ಎಲ್ಲವನ್ನೂ ಅಳೆದ. ಒಳಕೋಣೆಯ ಬಾಗಿಲು ತೆಗೆದು ನೋಡಿದವನು ಅಲ್ಲೇ ನಿಂತುಬಿಟ್ಟ. "ಅಮ್ಮಾ, ಬೀರು ಹೋಗುತ್ತೆ, ಮಂಚ ಹೋಗುತ್ತೆ. ಇದು ಮಾತ್ರ ತಾನಾಗೇ ಹಾರ್ಕೊಂಡು ಹೋಗ್ಬೇಕು" ಎಂದ.

ಅವನು ಹೇಳಿದ್ದು ನಿನ್ನಣ್ಣನ ಹಡಗಿನ ಬಗ್ಗೆ. ನಿಮ್ಮಿಬ್ಬರ ಮೇಜಿನ ಯುದ್ಧಕ್ಕೆಂದು ಅವರು ಕಟ್ಟುತ್ತಿದ್ದ ಕೊನೆಯ ಹಾರುವ ಹಡಗಿನ ಮಾದರಿ. ನೀನು ಅದನ್ನು ನೋಡಿಲ್ಲ. ಮೂಗಿನಿಂದ ಬಾಲದವರೆಗೆ ನನ್ನ ಎರಡು ತೋಳು ಚಾಚಿದರೂ ಸಾಲದಷ್ಟು ಉದ್ದ. ಕೋಣೆಯೊಳಗೇ ಕಟ್ಟುತ್ತಾ ಹೋದವರು ನಡುಮನೆಗೆ ತಿರುಗುವ ಮೂಲೆಯನ್ನು ಒಮ್ಮೆಯೂ ಅಳೆದಿರಲಿಲ್ಲ. ಕೂದಲೆಳೆಯಷ್ಟು ಅಂತರ ತಪ್ಪಿದರೆ ಇಡೀ ಸಾಲು ಕಿತ್ತು ಮತ್ತೆ ಅಂಟಿಸುತ್ತಿದ್ದ ಮನುಷ್ಯ ಬಾಗಿಲನ್ನೇ ಮರೆತಿದ್ದರು. ಮರೆತಿದ್ದರು ಎಂದು ಮೊನ್ನೆಯವರೆಗೆ ನಾನೂ ನಂಬಿದ್ದೆ.

ಅವರು ತೀರಿಹೋದಾಗ ಹಡಗು ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಉಳಿದದ್ದನ್ನು ನಾನು ಮಾಡಿದೆ. ನಗಬೇಡ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಪತ್ರಿಕೆಯ ಕರಡು ತಿದ್ದಿದವಳಿಗೆ ಕೈಗೆ ಬಾರದಿದ್ದರೂ ಕಣ್ಣಿಗೆ ಎಲ್ಲವೂ ಬಂದಿತ್ತು. ಮೇಲಿನ ಅನಿಲದ ಚೀಲಕ್ಕೆ ಕಸೂತಿ ಹಾಕುವ ಮರದ ಬಳೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸಿದ್ದರು. ಅದರ ಮೇಲೆ ರಟ್ಟಿನ ಹೊದಿಕೆ, ರಟ್ಟಿನ ಮೇಲೆ ಕಬ್ಬಿಣದ ತಗಡಿನಂತೆ ಕಾಣುವ ಚೌಕಗಳು. ಒಂದೊಂದು ಚೌಕದ ಅಂಚಿಗೂ ಹಲ್ಲುಕಡ್ಡಿಯ ತುದಿಯಿಂದ ಅಂಟಿನ ಹನಿ ಇಡಬೇಕು. ಒಣಗಿ ಬಣ್ಣ ಬಿದ್ದರೆ ಅವೇ ತಗಡು ಜೋಡಿಸುವ ರಿವೆಟ್ಟುಗಳು. ಕೆಳಗೆ ತೂಗುವ ಒಡಲಿಗೆ ಮಾತ್ರೆಯ ಡಬ್ಬಿಗಳ ಬಾಯ್ಲರು, ಪೆನ್ನಿನ ಕೊಳವೆಗಳ ಚಿಮಣಿ, ತಗಡಿನ ಡಬ್ಬದ ಮುಚ್ಚಳ ಕತ್ತರಿಸಿ ಮಾಡಿದ ಪಂಖಗಳು. ಬರೀ ಕಪ್ಪು ಬಳಿದಾಗ ಅದೊಂದು ಸುಟ್ಟ ಕುಂಬಳಕಾಯಿಯಂತಿತ್ತು. ಒಣ ಕುಂಚದಲ್ಲಿ ಹಿತ್ತಾಳೆ ಬಣ್ಣ ಸವರಿದ ಮೇಲೆ, ನಿಜ ಹೇಳಲೇ, ನಾನು ಎದ್ದು ನಿಂತುಬಿಟ್ಟೆ.

ಹಲ್ಲುಗಾಲಿಗಳು ಸಾಲದೆ ಗಡಿಯಾರ ರಿಪೇರಿಯವರ ಹತ್ತಿರ ಹೋಗಿದ್ದೆ. ನಿನ್ನಣ್ಣ ಹೋದ ವಿಷಯ ಅವರಿಗೆ ಗೊತ್ತಿರಲಿಲ್ಲ. "ನಡೆಯೋ ಗಡಿಯಾರ ತಗೊಂಡು ಬಂದು, ಇದು ಸತ್ತಿದೆ, ಬಿಚ್ಚಿಕೊಡಿ ಅನ್ನೋ ಗಿರಾಕಿ ಅವರೊಬ್ಬರೇ. ಎಲ್ಲಿ, ಕಾಣ್ತಾ ಇಲ್ಲ?" ಎಂದು ನಕ್ಕರು. ನಾನು ಹೇಳಿದೆ. ಅವರು ಒಂದು ಡಬ್ಬಿ ತುಂಬ ಹಲ್ಲುಗಾಲಿ ಸುರಿದುಕೊಟ್ಟರು.

ಆಫೀಸಿನಲ್ಲೂ ಕೇಳುತ್ತಾರೆ, ಏನದು ಆಟ ಎಂದು. ಪೆಟ್ರೋಲು ಬಾರದೆ ಹಬೆಯಂತ್ರಗಳೇ ಉಳಿದುಹೋದ ಒಂದು ಲೋಕ, ಅಲ್ಲಿ ಯುದ್ಧದ ಹಡಗುಗಳು ಆಕಾಶದಲ್ಲಿ ಹೋಗುತ್ತವೆ, ಅಣ್ಣತಮ್ಮಂದಿರು ಹಡಗು ಕಟ್ಟಿ ಮೇಜಿನ ಮೇಲೆ ದಾಳ ಹಾಕಿ ಕಾದಾಡುತ್ತಾರೆ ಎಂದು ವಿವರಿಸಿದೆ. ಮುಖ್ಯ ವರದಿಗಾರರು ಕೇಳಿದರು: "ಸೋತರೆ?" ನಾನು ನಿಮ್ಮ ನಿಯಮ ಹೇಳಿದೆ. ಬಿದ್ದ ಹಡಗನ್ನು ಸೋತವನೇ ತನ್ನ ಕೈಯಾರೆ ಒಡೆಯಬೇಕು. ಗೆದ್ದವನು ಅದರಲ್ಲಿ ಒಂದೇ ಒಂದು ಭಾಗ ಆರಿಸಿ ತನ್ನ ಹಡಗಿಗೆ ಜೋಡಿಸಿಕೊಳ್ಳಬೇಕು. "ಒಳ್ಳೆಯ ನಿಯಮ. ದಾಯಾದಿಗಳ ನಿಯಮ" ಎಂದರು ಅವರು. ಅವರಿಗೆ ಎಷ್ಟು ಗೊತ್ತಾಯಿತೋ ನನಗೆ ಗೊತ್ತಾಗಲಿಲ್ಲ.

ಇನ್ನು ಆ ಗಂಟೆಯ ವಿಷಯಕ್ಕೆ ಬರಲೇಬೇಕು. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅದಕ್ಕೇ.

ಅತ್ತೆಯ ಬೀಗದ ಕೈ ಗೊಂಚಲಿನ ಆ ಪುಟ್ಟ ಹಿತ್ತಾಳೆ ಗಂಟೆ. ಅವರು ಹೆಜ್ಜೆ ಇಟ್ಟಲ್ಲೆಲ್ಲ ಅದು ಮುಂದೆ ಹೋಗಿ ಸುದ್ದಿ ಕೊಡುತ್ತಿತ್ತು. ಆ ಸದ್ದಿಗೇ ನೀವಿಬ್ಬರೂ ಅವರಿಗೆ ಜೈಲರಮ್ಮ ಎಂದು ಹೆಸರಿಟ್ಟಿದ್ದಿರಿ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ನೀನೇ ಹೇಳಿಕೊಟ್ಟೆ: "ಅತ್ತಿಗೆ, ಗಂಟೆ ಕೇಳಿಸಿದ್ರೆ ಮೊದಲು ಬಾಯಿ ಒರೆಸಿಕೊಳ್ಳಿ, ಆಮೇಲೆ ಸಕ್ಕರೆ ಡಬ್ಬಿ ಮುಚ್ಚಿ." ಅತ್ತೆ ಹೋದ ಮೇಲೆ ಮನೆಯ ಸಾಮಾನನ್ನೆಲ್ಲ ನೀವು ಒಂದು ಮಾತೂ ಮೇಲೆ ಕೆಳಗೆ ಆಗದಂತೆ ಹಂಚಿಕೊಂಡಿರಿ. ಗಂಟೆಯೊಂದು ಉಳಿಯಿತು. ಇಬ್ಬರಿಗೂ ಬೇಕು, ಇಬ್ಬರಿಗೂ ಕೇಳಲು ನಾಚಿಕೆ. ನಿನ್ನಣ್ಣ ಅದನ್ನು ತಮ್ಮ ಹಡಗಿನ ಮುಂಭಾಗಕ್ಕೆ ನೇತುಹಾಕಿ, ಹಡಗಿಗೆ ಜೈಲರಮ್ಮ ಎಂದೇ ಹೆಸರು ಬರೆದು, "ಧೈರ್ಯ ಇದ್ರೆ ಗೆದ್ದು ತಗೋ" ಎಂದರು. ತಾವು ಸೋಲುವುದಿಲ್ಲ ಎಂಬ ಖಾತರಿ ಅವರಿಗಿತ್ತು.

ನೀನು ಗೆದ್ದೆ. ಗಂಟೆ ಕೇಳಿದೆ. ಅವರು ಬೇರೆ ಏನಾದರೂ ಆರಿಸಿಕೋ ಎಂದರು. "ಪಣಕ್ಕಿಟ್ಟೋನು ನೀನು, ನಿಯಮ ಬರೆದೋನು ನೀನು. ಈಗ ಮಾತು ನುಂಗೋನೂ ನೀನೇ ಆಗು" ಎಂದು ಹೇಳಿ ನೀನು ಚಪ್ಪಲಿ ಹಾಕಿಕೊಂಡೆ. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿದ್ದೆ, ನಿನಗೆ ಕಾಣಿಸಲಿಲ್ಲ. ಆಮೇಲೆ ನೀನು ಈ ಮನೆಯ ಹೊಸ್ತಿಲ ಹತ್ತಿರ ಬಂದದ್ದು ಅವರು ಹೋದ ದಿನ. ಆಗಲೂ ಒಳಗೆ ಬರಲಿಲ್ಲ.

ಆ ಗಂಟೆ ಈಗ ಬಾರಿಸುತ್ತಿದೆ.

ನಾನು ಸುದ್ದಿಯನ್ನು ಎರಡು ಕಡೆಯಿಂದ ಖಚಿತಪಡಿಸಿಕೊಳ್ಳದೆ ನಂಬುವವಳಲ್ಲ, ನಿನಗೆ ಗೊತ್ತು. ಮೊದಲ ಸಲ ಕೇಳಿಸಿದಾಗ ನಾನು ರಿವೆಟ್ಟು ಇಡುತ್ತಿದ್ದೆ. ಒಂದೇ ಒಂದು ಸಲ, ಸಣ್ಣಗೆ. ಕೈ ತಾನಾಗಿ ಬಾಯಿ ಒರೆಸಿಕೊಂಡಿತು. ಲಾರಿ ಹೋದಾಗ ನೆಲ ನಡುಗುತ್ತದೆಯೇ ಎಂದು ನೋಡಿದೆ. ಲಾರಿಗಳು ಹೋದವು, ಸದ್ದಿಲ್ಲ. ಫ್ಯಾನ್ ನಿಲ್ಲಿಸಿದೆ, ಕಿಟಕಿ ಹಾಕಿದೆ. ನೀರಿನ ಪಂಪು ಓಡುವಾಗ ಕಾದೆ. ಪಕ್ಕದ ಮನೆಯವರಲ್ಲಿ ಬೆಕ್ಕಿದೆಯೇ, ಬೆಕ್ಕಿನ ಕೊರಳಿಗೆ ಏನಾದರೂ ಕಟ್ಟಿದ್ದಾರೆಯೇ ಎಂದೂ ವಿಚಾರಿಸಿದೆ. "ಬೆಕ್ಕು ಕಂಡ್ರೆ ನಮಗಾಗಲ್ಲ ಕಣ್ರೀ, ಯಾಕೆ, ಹಾಲು ಕುಡಿದುಹೋಯ್ತಾ?" ಎಂದರು. ಯಾವ ಕಾರಣವೂ ಸಿಗಲಿಲ್ಲ. ನಾನು ಕೆಲಸಕ್ಕೆ ಕೂತು, ಮಾಡುತ್ತಾ ಮಾಡುತ್ತಾ ಕೈ ನಿಲ್ಲಿಸಿ ಸುಮ್ಮನೆ ಗೋಡೆ ನೋಡುತ್ತೇನಲ್ಲ, ಆಗ ಕೇಳಿಸುತ್ತದೆ. ಹಗಲಿನಲ್ಲೇ, ಬಿಸಿಲಿರುವಾಗಲೇ. ಅತ್ತೆ ಸೋಮಾರಿತನ ಸಹಿಸುತ್ತಿರಲಿಲ್ಲ.

ಸದ್ದು ಹಡಗಿನೊಳಗಿಂದ ಬರುತ್ತದೆ ಎಂದು ತಿಳಿದದ್ದು ಗಾಜಿನ ಕೆಲಸಕ್ಕೆ ಬಂದಾಗ. ಅನಿಲದ ಚೀಲದ ಮೂಗಿನಲ್ಲಿ ಕಾವಲುಗಾರ ನಿಲ್ಲುವ ಗೂಡು ಇದೆಯಲ್ಲ, ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಚ್ಚಳ ಅಂಟಿಸಬೇಕಿತ್ತು. ಸೂಪರ್ ಗ್ಲೂ ಹಾಕಿದರೆ ಪ್ಲಾಸ್ಟಿಕ್ಕು ಮಂಜು ಕವಿದಂತಾಗುತ್ತದೆ ಎಂದು ನಿನ್ನಣ್ಣ ಬಡಿದುಕೊಳ್ಳುತ್ತಿದ್ದದ್ದು ನೆನಪಾಗಿ, ಬಿಳಿ ಅಂಟು ಹುಡುಕಿಕೊಂಡು ಬಂದು, ಅಂಟಿಸುವ ಮುಂಚೆ ಟಾರ್ಚ್ ಹಾಕಿ ಒಳಗೆ ಇಣುಕಿದೆ. ಖಾಲಿ ಇರಬೇಕಾದ ಜಾಗ ಖಾಲಿ ಇರಲಿಲ್ಲ. ಮರದ ಬಳೆಗಳ ನಡುವೆ, ದೊಡ್ಡ ಮೀನಿನ ಹೊಟ್ಟೆಯಲ್ಲಿ ಚಿಕ್ಕ ಮೀನಿದ್ದ ಹಾಗೆ, ಜೈಲರಮ್ಮ ಕೂತಿತ್ತು. ಇಡಿಯಾಗಿ. ಒಂದು ತಿರುಪೂ ಬಿಚ್ಚಿರಲಿಲ್ಲ. ಬಾಲ ನನ್ನ ಕಡೆಗಿತ್ತು, ಹೆಸರು ಓದಲು ಬಂತು. ಗಂಟೆ ತೂಗುವ ಮುಂಭಾಗ ಆಚೆ ತುದಿಯ ಕತ್ತಲೆಯಲ್ಲಿತ್ತು, ಕಾಣಿಸಲಿಲ್ಲ.

ಅದನ್ನು ಒಡೆಯಲು ಅವರಿಗೆ ಕೈ ಬಂದಿಲ್ಲ. ಸೋತ ಹಡಗನ್ನು ಹೊರಗಿಟ್ಟುಕೊಳ್ಳಲು ಮುಖವೂ ಇರಲಿಲ್ಲ. ಅದಕ್ಕೇ ಅದರ ಸುತ್ತ ಇನ್ನೊಂದು ಹಡಗು ಕಟ್ಟಿದ್ದಾರೆ. ಇಷ್ಟು ದೊಡ್ಡದಾದದ್ದೂ ಅದಕ್ಕೇ. ಮೊದಲು ನನಗೆ ಸಿಟ್ಟು ಬಂತು. ನೀನು ಬೈದದ್ದೇ ಸರಿ ಅನ್ನಿಸಿತು. ಆಮೇಲೆ ತೋಪುಗಳನ್ನು ಕೂರಿಸಲು ಹೊರಟೆ.

ಈಗ ಬರೆಯುವುದು ನನ್ನ ಊಹೆ, ಸುದ್ದಿಯಲ್ಲ. ತೋಪುಗಳಿಗೆಂದು ಅವರು ತೂತು ಕೊರೆದಿರುವುದು ಹಡಗಿನ ಬಲಮಗ್ಗುಲಿಗೆ ಮಾತ್ರ. ಎಡಮಗ್ಗುಲು ಇನ್ನೂ ಬಾಕಿ ಎಂದುಕೊಂಡಿದ್ದೆ. ಬೆಳಕು ಹಿಡಿದು ನೋಡಿದರೆ ಅಲ್ಲಿ ಅವರ ಕೈಯಲ್ಲೇ ಚೌಕಗಳು ಅಂಟಿ, ರಿವೆಟ್ಟು ಕೂತು, ಬಣ್ಣವೂ ಒಣಗಿ ಮುಗಿದಿದೆ. ತೂತಿಗೆ ಗುರುತು ಕೂಡ ಹಾಕಿಲ್ಲ. ಎಡಕ್ಕೆ ಒಂದೇ ಒಂದು ತೋಪಿಲ್ಲದ ಯುದ್ಧದ ಹಡಗು. ಮೇಜಿನಲ್ಲಿ ನೀನು ಯಾವಾಗಲೂ ಯಾವ ಕಡೆಯಿಂದ ಬರುತ್ತಿದ್ದೆ ಎಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಅವರ ಎಡಕ್ಕಿದ್ದ ಕಿಟಕಿಯ ಕಡೆಯ ಸ್ಟೂಲು ಬಿಟ್ಟು ನೀನು ಕೂತದ್ದಿಲ್ಲ.

ಅವರು ಸೋಲಲು ಹಡಗು ಕಟ್ಟುತ್ತಿದ್ದರು ಎಂದು ನನಗನ್ನಿಸುತ್ತದೆ. ಸೋತರೆ ನಿಯಮದಂತೆ ಅದನ್ನು ಒಡೆಯಬೇಕು. ಒಡೆದರೆ ಒಳಗಿನದು ಹೊರಗೆ ಬರುತ್ತದೆ. ಆಗ ಅದನ್ನೂ ಒಡೆಯದೆ ವಿಧಿಯಿಲ್ಲ. ಬಾಯಿಬಿಟ್ಟು ತಪ್ಪಾಯಿತು ಎನ್ನಲಾರದ ಮನುಷ್ಯ, ಹಾಗೆನ್ನಲು ಇಷ್ಟು ದೂರದ ದಾರಿ ಹಿಡಿದರು. ಇನ್ನು ಬಾಗಿಲು: ಇಲ್ಲಿಂದ ಆಚೆಗೆ ಇಡಿಯಾಗಿ ಹೋಗುವ ಹಡಗು ಅದಾಗಿದ್ದರೆ ಮೂಲೆ ಅಳೆಯುತ್ತಿದ್ದರು.

ನನ್ನ ಕಷ್ಟ ಇಷ್ಟೇ. ಇದನ್ನು ಜೊತೆಗೆ ಒಯ್ಯಲಾರೆ. ಬಿಟ್ಟುಹೋದರೆ ಹೊಸದಾಗಿ ಬರುವವರು ತಿಪ್ಪೆಗೆ ಎಸೆಯುತ್ತಾರೆ. ನಾನೇ ಸುತ್ತಿಗೆ ಹಿಡಿಯೋಣವೆಂದರೆ ಆಟವಾಡದೆ ಹಡಗು ಒಡೆಯುವ ಹಕ್ಕು ನಿಮ್ಮ ನಿಯಮದಲ್ಲಿ ಯಾರಿಗೂ ಇಲ್ಲ. ಒಂದು ಸಲ ಸುತ್ತಿಗೆ ಎತ್ತಿದ್ದೆ. ಗಂಟೆ ಬಾರಿಸಿತು. ಇಳಿಸಿದೆ.

ಆದ್ದರಿಂದ ನೀನು ಬಾ. ನಿನ್ನ ಹಡಗುಗಳನ್ನು ತಾ. ಅವರ ಜಾಗದಲ್ಲಿ ನಾನು ಕೂರುತ್ತೇನೆ. ದಾಳ ಹಾಕಲು ಬರುತ್ತದೆ, ಲೆಕ್ಕ ತಪ್ಪಿದರೆ ನೀನು ತಿದ್ದು. ಎಡಗಡೆಯಿಂದ ಬಾ. ಸೋತ ಮೇಲೆ ಒಡೆಯುವ ಕೆಲಸ ನನ್ನದು, ನಡುಗದೆ ಮಾಡುತ್ತೇನೆ. ನೀನು ಗೆದ್ದದ್ದು ನಿನಗೆ ಸೇರಲಿ. ಅದು ನಿನ್ನ ಜೇಬಿನಲ್ಲಿ ಬಾರಿಸಿಕೊಂಡಿರಲಿ, ನನ್ನ ತಲೆಯೊಳಗೆ ಬೇಡ.

ಒಂದು ಮಾತು ಮುಚ್ಚಿಟ್ಟರೆ ಪತ್ರ ಸುಳ್ಳಾಗುತ್ತದೆ. ಉಳಿದದ್ದನ್ನು ನಾನು ಮಾಡಿದೆ ಎಂದು ಬರೆದೆನಲ್ಲ, ಪೂರ್ತಿ ಮುಗಿದಿಲ್ಲ. ಕಾವಲು ಗೂಡಿನ ಗಾಜು ಇನ್ನೂ ಅಂಟಿಸಿಲ್ಲ. ಅಂಟಿಸಿದರೆ ಒಳಗಿನ ಸದ್ದು ಹೊರಗೆ ಬರಲಿಕ್ಕಿಲ್ಲ ಎಂದು ಭಯ. ಆ ಸದ್ದು ನಿಲ್ಲಲಿ ಎಂದು ನಿನ್ನನ್ನು ಕರೆಯುತ್ತಿರುವವಳೂ ನಾನೇ, ಹಗಲೆಲ್ಲ ಕಿವಿಗೊಟ್ಟು ಕೂರುವವಳೂ ನಾನೇ. ಈ ಮನೆಯಲ್ಲಿ ಇನ್ನು ಯಾರ ಸದ್ದಿದೆ?

ಊಟದ ಹೊತ್ತಿಗೆ ಬಂದರೆ ಒಳ್ಳೆಯದು. ಸಕ್ಕರೆ ಡಬ್ಬಿ ಮೊದಲಿದ್ದ ಜಾಗದಲ್ಲೇ ಇದೆ.

ದಾರಿ ನೋಡುತ್ತಿರುವ
ನಿನ್ನ ಅತ್ತಿಗೆ

ಮತ್ತೆ ಬರೆದದ್ದು, ಸೋಮವಾರ ಮಧ್ಯಾಹ್ನ:

ಈ ಪತ್ರವನ್ನು ಅಂಚೆಗೆ ಹಾಕಲು ಹೊರಟವಳನ್ನು ಅಂಚೆಯಣ್ಣ ಬಾಗಿಲಲ್ಲೇ ತಡೆದು ಒಂದು ಪುಟ್ಟ ಪೊಟ್ಟಣ ಕೊಟ್ಟ. "ಊರೆಲ್ಲ ಸುತ್ತಿ ವಾಪಸ್ ಬಂದಿದೆ ನೋಡಿ" ಎಂದ. ಮೇಲೆ ನಿನ್ನ ವಿಳಾಸ, ನಿನ್ನಣ್ಣನ ಅಕ್ಷರ. ಅವರು ಹೋಗುವ ಹಿಂದಿನ ವಾರ ಕಳಿಸಿದ್ದು. ಅಡ್ಡಕ್ಕೆ ಅಂಚೆಯವರ ಮುದ್ರೆ: ತೆಗೆದುಕೊಳ್ಳಲು ಒಪ್ಪಲಿಲ್ಲ. ಕೆಳಗೆ ನಿನ್ನ ಸಹಿ.

ನಾನು ಬಿಚ್ಚಿದೆ. ಒಳಗೆ ಚೀಟಿ ಇಲ್ಲ, ಒಂದು ಮಾತಿಲ್ಲ. ಅತ್ತೆಯ ಗಂಟೆ ಮಾತ್ರ. ದಾರಿಯಲ್ಲಿ ಬಾರಿಸದಿರಲಿ ಎಂದು ಅದರ ನಾಲಗೆಗೆ ಹತ್ತಿ ಸುತ್ತಿ, ಹಡಗಿಗೆ ಹಗ್ಗ ಬಿಗಿಯುವ ಕಪ್ಪು ದಾರದಿಂದ ಕಟ್ಟಿದ್ದಾರೆ.

ಮೇಲೆ ಬರೆದ ಯಾವುದನ್ನೂ ನಾನು ತಿದ್ದುವುದಿಲ್ಲ. ಇದ್ದದ್ದನ್ನು ಇದ್ದಂತೆ ಓದು. ಹತ್ತಿಯನ್ನೂ ಬಿಡಿಸಿಲ್ಲ, ಅದನ್ನು ಬಿಡಿಸುವ ಕೈ ನಿನ್ನದು. ಗಂಟೆ ಈಗ ಮೇಜಿನ ಮೇಲೆ, ಈ ಕಾಗದದ ಪಕ್ಕದಲ್ಲಿದೆ. ಅಲುಗಿಲ್ಲ, ನಾನು ನೋಡುತ್ತಲೇ ಇದ್ದೇನೆ.

ಒಳಕೋಣೆಯಲ್ಲಿ ಈಗಷ್ಟೇ ಮತ್ತೆ ಬಾರಿಸಿತು. ಬೇಗ ಬಾ.